ಮೂವತ್ತೇಳನೇ ತೋಟಕ್ಕೊಂದು ಇಮೇಲ್

ಓಡೆನ್ಸೆ ಊರಿನ ಆಸ್ಗರ್ ಯಾರ ಹಂಗಿನಲ್ಲೂ ಬದುಕುವ ಆಸಾಮಿಯಲ್ಲ. ಊರೆಲ್ಲ ದೊಡ್ಡ ಕಂಪನಿಗಳ ಇಮೇಲ್ ಬಳಸುತ್ತಿದ್ದರೆ, ಅವನ ಮನೆಯ ಇಮೇಲ್ ಮಾತ್ರ ಅವನದೇ ಸ್ವಂತ ಸರ್ವರಿನಿಂದ ಹೊರಡುತ್ತಿತ್ತು. ಆ ಸರ್ವರ್ ಮೆಟ್ಟಿಲ ಕೆಳಗಿನ ಕಪಾಟಿನಲ್ಲಿ, ಛತ್ರಿಗಳಿಗೂ ಹಳೇ ಬೂಟುಗಳಿಗೂ ನಡುವೆ, ಸದಾ ಗುಂಯ್‌ಗುಡುತ್ತ ವಿರಾಜಮಾನವಾಗಿತ್ತು. (ಹೋದ ವರ್ಷದವರೆಗೆ ಅದು ಅವನ ಆಫೀಸಿನಲ್ಲಿತ್ತು. ಇನ್ನು ಸಾಕು, ಮನೆಗೆ ತೆಗೆದುಕೊಂಡು ಹೋಗಪ್ಪ ಎಂದು ಅಲ್ಲಿನವರು ಹೇಳಿದ್ದರು. ಇದನ್ನು ಆಸ್ಗರ್ ಸ್ವಾತಂತ್ರ್ಯ ಎಂದು ಕರೆಯುತ್ತಿದ್ದ.)

ಅವನ ಹೆಂಡತಿ ಮೆರೆಟೆಗೆ ಬೇಕಾಗಿದ್ದುದು ಸ್ವಾತಂತ್ರ್ಯವಲ್ಲ, ತೋಟ. ಊರಂಚಿನ ತೋಟಗಾರರ ಸಂಘದಲ್ಲಿ ಒಂದು ತುಂಡು ನೆಲ, ಅದರಲ್ಲೊಂದು ಪುಟ್ಟ ಮರದ ಮನೆ, ಬಾವುಟದ ಕಂಬ, ನಾಲ್ಕು ಸಾಲು ಆಲೂಗಡ್ಡೆ. ಅಷ್ಟಕ್ಕಾಗಿ ಹನ್ನೊಂದು ವರ್ಷದಿಂದ ಸರದಿಯಲ್ಲಿ ಕಾದಿದ್ದಳು. ಸರದಿಯಲ್ಲಿರುವವರೂ ಸಂಘದ ಶ್ರಮದಾನಕ್ಕೆ ಹೋಗಬೇಕು. ಅವಳು ಒಂದು ವರ್ಷವೂ ತಪ್ಪಿಸದೆ ಹೋಗಿ ಕಾಲುವೆ ತೋಡಿ ಬಂದಿದ್ದಳು. ಆಸ್ಗರ್ ಒಂದೇ ಒಂದು ಸಲ, ಎಂಟು ವರ್ಷದ ಹಿಂದೆ, ಜೊತೆಗೆ ಹೋಗಿದ್ದ. ಸಲಿಕೆ ಕಂಡೊಡನೆ ಅವನ ಸೊಂಟ ಹಿಡಿದುಕೊಂಡಿತು. "ನಾನು ಒಳಗೆ ಕೂತು ನಿಮ್ಮ ಕಂಪ್ಯೂಟರ್ ಏನಾದ್ರೂ ನೋಡ್ತೀನಿ" ಎಂದು ಸಂಘದ ಕೋಣೆ ಹೊಕ್ಕವನು, ಸಾಸೇಜು ಸುಡುವ ವಾಸನೆ ಬಂದ ಮೇಲೆಯೇ ಹೊರಗೆ ಬಂದದ್ದು.

ಈ ಸೋಮವಾರ ಸಂಘದಿಂದ ಇಮೇಲ್ ಬಂತು: ಮೂವತ್ತೇಳನೇ ತೋಟ ಖಾಲಿಯಾಗಿದೆ, ಬೇಕಿದ್ದರೆ ಶುಕ್ರವಾರ ಮಧ್ಯಾಹ್ನ ಹನ್ನೆರಡರೊಳಗೆ ಲಿಖಿತವಾಗಿ ತಿಳಿಸಿ, ಇಲ್ಲವಾದರೆ ಸರದಿಯಲ್ಲಿ ಮುಂದಿನವರಿಗೆ ಹೋಗುತ್ತದೆ. ಮೆರೆಟೆ ಆ ಕ್ಷಣವೇ "ಬೇಕು, ಖಂಡಿತ ಬೇಕು" ಎಂದು ಬರೆದು ಕಳಿಸಿದಳು. ಎರಡು ನಿಮಿಷದಲ್ಲಿ ಅದು ಗೋಡೆಗೆ ಎಸೆದ ಚೆಂಡಿನಂತೆ ವಾಪಸು ಬಂತು. ಮೇಲೊಂದು ಒಕ್ಕಣೆ ಬೇರೆ: "ನಿಮ್ಮ ಪತ್ರವನ್ನು ಸ್ವೀಕರಿಸಲಾಗದು. ದಯವಿಟ್ಟು ಸರ್ವರ್ ಬಗ್ಗೆ ತಿಳಿವಳಿಕೆ ಇರುವವರನ್ನು ಕೇಳಿ."

"ತಿಳಿವಳಿಕೆ ಇರೋರನ್ನ ಕೇಳ್ಬೇಕಂತೆ!" ಆಸ್ಗರ್ ಕೆಂಪಗಾದ. "ಯಾರಿಗೆ ಹೇಳ್ತಿದಾನೆ ಇವ್ನು? ಯಾವನೋ ಅರೆಬೆಂದವನು ಕೂರಿಸಿರೋ ಸರ್ವರ್ ಇದು!"

"ಆಯ್ತು ಮಾರಾಯ, ನಾನು ನನ್ನ ಆಫೀಸಿನ ಇಮೇಲಿಂದ ಕಳಿಸ್ತೀನಿ."

"ಕೂಡದು! ಹಾಗೆ ಮಾಡಿದ್ರೆ ಅವ್ರೇ ಗೆದ್ದ ಹಾಗಾಯ್ತು."

"ಯಾರು ಅವ್ರು?"

ಆಸ್ಗರ್ ಕಪಾಟಿನ ಬಾಗಿಲು ತೆರೆದ. "ಐದು ನಿಮಿಷ ಕೊಡು" ಎಂದ.

ಐದು ನಿಮಿಷ ಎಳೆದೂ ಎಳೆದೂ ಶುಕ್ರವಾರಕ್ಕೆ ಬಂತು. ಮಂಗಳವಾರ ಅವನು ಕಪಾಟಿನೊಳಗೆ ತಲೆ ತೂರಿಸಿ, ಸರ್ವರ್ ಬರೆದಿಟ್ಟ ದಿನಚರಿಯನ್ನು ಸಾಲುಸಾಲಾಗಿ ಪಾರಾಯಣ ಮಾಡಿದ. ಬುಧವಾರ ತನ್ನ ವಿಳಾಸ ಎಲ್ಲಾದರೂ ಕಪ್ಪುಪಟ್ಟಿಗೆ ಸೇರಿದೆಯೇ ಎಂದು ಜಗತ್ತಿನ ಪಟ್ಟಿಗಳನ್ನೆಲ್ಲ ಜಾಲಾಡಿದ. ಎಲ್ಲೂ ಇರಲಿಲ್ಲ. (ತನ್ನನ್ನು ಯಾರೂ ಅಷ್ಟು ಗಂಭೀರವಾಗಿ ತೆಗೆದುಕೊಂಡಿಲ್ಲವಲ್ಲ ಎಂದು ಒಳಗೊಳಗೇ ಬೇಸರವೂ ಆಯಿತು.) ಗುರುವಾರ ಪರೀಕ್ಷೆಗೆಂದು ಅತ್ತೆಗೂ ಹಲ್ಲಿನ ಡಾಕ್ಟರಿಗೂ ಇಮೇಲ್ ಹಾಕಿದ. ಇಬ್ಬರಿಗೂ ಸಲೀಸಾಗಿ ತಲುಪಿತು. ಅತ್ತೆ ಭಾನುವಾರ ಊಟಕ್ಕೆ ಬರುತ್ತೇನೆಂದರು, ಡಾಕ್ಟರು ಸೋಮವಾರ ಬಾ ಎಂದರು. ಸಂಘಕ್ಕೆ ಹೋದದ್ದು ಮಾತ್ರ ಹದಿನಾಲ್ಕು ಸಲ ಹಿಂದಿರುಗಿತು.

ಶುಕ್ರವಾರ ಹನ್ನೊಂದು ಗಂಟೆಗೆ ಮೆರೆಟೆ ಕಪಾಟಿನ ಮುಂದೆ ಬಂದು ನಿಂತಳು. "ಆಸ್ಗರ್, ಸಂಘದ ಕೋಣೆ ಸೈಕಲ್ಲಲ್ಲಿ ಎಂಟು ನಿಮಿಷ. ಅಧ್ಯಕ್ಷೆ ಟೋವೆ ಅಲ್ಲೇ ಇರ್ತಾರೆ."

"ಇದು ತತ್ವದ ಪ್ರಶ್ನೆ ಕಣೇ."

"ನಿನ್ನ ತತ್ವದಲ್ಲಿ ಆಲೂಗಡ್ಡೆ ಬೆಳೆಯುತ್ತಾ? ಈ ಡಬ್ಬಾನ ಮನೆಗೆ ತಂದಾಗ ನಾನು ಒಂದು ಮಾತಾಡ್ಲಿಲ್ಲ. ಹನ್ನೊಂದು ವರ್ಷದಲ್ಲಿ ನಾನು ಕೇಳಿದ್ದು ಅದೊಂದೇ ತೋಟ." ಅವಳು ರೈ ರೊಟ್ಟಿಯ ಪೊಟ್ಟಣ ಹರಿದು, ಹಿಂಬದಿಯಲ್ಲಿ ಎರಡು ಸಾಲು ಗೀಚಿ, ಸೈಕಲ್ ಹತ್ತಿ ಹೊರಟೇ ಹೋದಳು.

ತಪ್ಪು ತನ್ನದೇ ಎಂದು ಆಸ್ಗರನಿಗೆ ಅರೆಗಳಿಗೆ ಅನ್ನಿಸಿತು. ಆದರೆ ಗಂಡಸಿನ ಪಶ್ಚಾತ್ತಾಪ ಬಹುಬೇಗ ಇನ್ನೊಬ್ಬನ ಮೇಲಿನ ಕೋಪವಾಗಿಬಿಡುತ್ತದೆ. ಯಾವ ಸರ್ವರಿನಲ್ಲೇ ಆಗಲಿ ಪೋಸ್ಟ್‌ಮಾಸ್ಟರ್ ಎಂಬ ಒಂದು ವಿಳಾಸವಿರುತ್ತದೆ. ಬೇರೆಲ್ಲ ಬಾಗಿಲು ಮುಚ್ಚಿದರೂ ಅದೊಂದನ್ನು ಮುಚ್ಚುವಂತಿಲ್ಲ ಎಂಬುದು ಈ ಕಸುಬಿನ ನಿಯಮ. ಆ ವಿಳಾಸಕ್ಕೆ ಅವನು ಬರೆದ: "ನಿಮ್ಮ ಸರ್ವರ್ ಕೂರಿಸಿದವನು ಅವಿವೇಕಿ, ಸೋಮಾರಿ ಮತ್ತು ಜಂಬದ ಕೋಳಿ. ಇಂಥವನನ್ನು ಯಂತ್ರದ ಹತ್ತಿರ ಸುಳಿಯಗೊಡಬೇಡಿ. ಕೈಗೊಂದು ಸಲಿಕೆ ಕೊಟ್ಟು ಅಗೆಯಲು ಹಚ್ಚಿ."

ಈ ಪತ್ರ ವಾಪಸು ಬರಲಿಲ್ಲ! ಬದಲಿಗೆ ಟಿಣ್ ಎಂದು ಹೊಸದೊಂದು ಇಮೇಲ್ ಬಂದಿತು. ಕ್ಷಮಾಪಣೆಯೇ ಇರಬೇಕು ಎಂದುಕೊಂಡು, ಕಾಫಿ ಬಗ್ಗಿಸಿಕೊಂಡು, ನಿಧಾನವಾಗಿ ತೆರೆದ. ಅವನು ಕಳಿಸಿದ ಪತ್ರವೇ ಅವನಿಗೆ ಬಂದಿತ್ತು. ನೆತ್ತಿಯ ಮೇಲೆ ಎರಡು ಸಾಲು: "ಪೋಸ್ಟ್‌ಮಾಸ್ಟರ್: ಆಸ್ಗರ್ ಹೋಲ್ಮ್‌ಗೋರ್. ಒಂದು ಪ್ರತಿ: ಅಧ್ಯಕ್ಷರಿಗೆ."

ಎಂಟು ವರ್ಷದ ಹಿಂದಿನ ಸಾಸೇಜಿನ ವಾಸನೆ ಮೂಗಿಗೆ ಬಡಿಯಿತು. ಆ ದಿನ ಸಲಿಕೆ ತಪ್ಪಿಸಿಕೊಳ್ಳಲು ಸಂಘಕ್ಕೊಂದು ಸರ್ವರ್ ಕೂರಿಸಿದವನು ತಾನೇ. ತನ್ನ ಸರ್ವರ್ ಇನ್ನೂ ಆಫೀಸಿನಲ್ಲಿದ್ದ ಆ ಕಾಲದಲ್ಲಿ, ಮನೆಯಲ್ಲಿ ಸರ್ವರ್ ಇಟ್ಟುಕೊಂಡವರೆಲ್ಲ ಹುಚ್ಚರು, ಅವರ ಪತ್ರ ಒಳಗೆ ಬಿಡಕೂಡದು ಎಂದು ಕಟ್ಟಳೆ ಹಾಕಿದವನೂ ತಾನೇ. ತಿಳಿವಳಿಕೆ ಇರುವವರನ್ನು ಕೇಳಿ ಎಂಬ ಒಕ್ಕಣೆಯನ್ನು ಬರೆದು, ಒಬ್ಬನೇ ಕೂತು ನಕ್ಕದ್ದೂ ನೆನಪಾಯಿತು.

ಹನ್ನೆರಡೂವರೆಗೆ ಮೆರೆಟೆ ಬಂದಳು. ಕೆನ್ನೆ ಕೆಂಪಾಗಿತ್ತು, ಬೆರಳಲ್ಲಿ ಬೀಗದ ಕೈ ತೂಗುತ್ತಿತ್ತು.

"ಸಿಕ್ತಾ?" ಎಂದ ಆಸ್ಗರ್, ಮೆಲ್ಲಗೆ.

"ಸಿಕ್ತು. ನಾನು ಹೋದಾಗ ಸಮಿತಿಯವ್ರೆಲ್ಲ ಕಾಫಿ ಕುಡೀತಾ ಇದ್ರು. ಆಗಲೇ ನಿನ್ನ ದೂರು ಬಂತು. ಟೋವೆ ಎದ್ದು ನಿಂತು ಜೋರಾಗಿ ಓದಿದ್ರು."

"ಪೂರ್ತಿನಾ?"

"ಎರಡು ಸಲ. ಬರೆದವರು ವಿಷಯ ಬಲ್ಲವರು ಅಂತ ಕಾಣುತ್ತೆ ಅಂದ್ರು. ಅವ್ರ ಸಲಹೆನ ಮತಕ್ಕೆ ಹಾಕಿದ್ರು. ವಿರುದ್ಧ ಒಂದು ಕೈಯೂ ಏಳಲಿಲ್ಲ."

"ನೀನೂ ಎತ್ತಲಿಲ್ವಾ?"

"ಪರವಾಗಿ ಎತ್ತಿದೆ. ಈಗ ನಾನೂ ಸದಸ್ಯೆ ತಾನೇ?" ಮೆರೆಟೆ ಬಾಗಿಲ ಹಿಂದೆ ಕೈ ಹಾಕಿ, ಹೊಚ್ಚಹೊಸ ಸಲಿಕೆಯೊಂದನ್ನು ತಂದು ಕಪಾಟಿಗೆ ಒರಗಿಸಿದಳು. "ನಾಳೆ ಬೆಳಿಗ್ಗೆ ಎಂಟಕ್ಕೆ. ನಲವತ್ತು ಮೀಟರ್ ಕಾಲುವೆ."

"ಮೆರೆಟೆ, ನನ್ನ ಸೊಂಟ..."

"ಅದನ್ನೂ ಟೋವೆ ಹೇಳಿ ಕಳಿಸಿದಾರೆ. ಸೊಂಟದ ಬಗ್ಗೆ ಏನೇ ಇದ್ರೂ ಸಂಘಕ್ಕೆ ಇಮೇಲ್ ಮಾಡ್ಬೇಕಂತೆ. ನಿನ್ನ ಸ್ವಂತ ಸರ್ವರಿಂದ."