ಮೊಸರನ್ನದಲ್ಲಿ ಜನವರಿ ಕಲ್ಲು

ನಿತೇಶನ ಪ್ಯಾಂಟಿನ ಜೇಬು ಹರಿದಿತ್ತು. ಹೊಲಿಸಬೇಕು ಹೊಲಿಸಬೇಕು ಎನ್ನುವುದರಲ್ಲೇ ಅರ್ಧ ಚಳಿಗಾಲ ಕಳೆದಿತ್ತು. ಹಾಗಾಗಿ ಹೆಂಡತಿಗೆಂದು ಕೊಂಡ ಉಂಗುರವನ್ನು ತನ್ನ ಕಿರುಬೆರಳಿಗೇ ಸಿಕ್ಕಿಸಿಕೊಂಡು ದೆಹಲಿಯ ಮುನಿರ್ಕಾದ ಹೋಟೆಲಿಗೆ ಕೆಲಸಕ್ಕೆ ಬಂದ.

ಉಂಗುರದಲ್ಲಿ ಒಂದೇ ಒಂದು ಕೆಂಪು ಗಾರ್ನೆಟ್ ಕಲ್ಲು. ಮದುವೆಯಾಗಿ ದೆಹಲಿಗೆ ಬಂದ ಮೇಲೆ ನಿಶ್ಮಿತಾ ಚಳಿಗೆ ಮುದುಡಿ, ರಜಾಯಿಯಿಂದ ಮುಖ ಹೊರಗೆ ಹಾಕುವುದನ್ನೇ ಬಿಟ್ಟಿದ್ದಳು. ನಗುವಂತೂ ಊರಲ್ಲೇ ಉಳಿದುಬಿಟ್ಟಿತ್ತು. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಅವಳು ಹುಟ್ಟಿದ ದಿನ ‘ಜನವರಿ ಹದಿನಾಲ್ಕು’ ಎಂದದ್ದು ನಿತೇಶನ ಕಿವಿಗೆ ಬಿದ್ದಿತ್ತು. ಅವಳಿಗೆ ಗೊತ್ತಾಗದಂತೆ ಉಡುಗೊರೆ ತರಬೇಕೆಂದು, ಹೋಟೆಲಿನ ಸಪ್ಲೈಯರ್ ಕಿಶನ್‌ನನ್ನು ಮಾತ್ರ ಕೇಳಿದ. ಯಾವ ತಿಂಗಳಲ್ಲಿ ಹುಟ್ಟಿದವರಿಗೆ ಯಾವ ಕಲ್ಲು ಎಂಬುದು ಕಿಶನ್‌ಗೆ ಬಾಯಿಪಾಠ.

“ಜನವರಿಗೆ ಗಾರ್ನೆಟ್, ಭಯ್ಯಾ. ಭಾಭಿ ನಗದಿದ್ದರೆ ನನ್ನ ಹೆಸರು ಬದಲಾಯಿಸಿ.”

ಅಂದು ಸಂಕ್ರಾಂತಿ. ನೋಯ್ಡಾದ ಕನ್ನಡ ಸಂಘದ ಊಟಕ್ಕೆ ಇವರ ಹೋಟೆಲಿನದೇ ಮೊಸರನ್ನ. ಅಡುಗೆಯ ತುಕ್ರಣ್ಣನಿಗೆ ಕೈ ಸಾಲದಾಗಿ, ಗಲ್ಲಾಪೆಟ್ಟಿಗೆಯ ಮುಂದೆ ಆಕಳಿಸುತ್ತಿದ್ದ ನಿತೇಶ ಕಣ್ಣಿಗೆ ಬಿದ್ದ.

“ಅಲ್ಲಿ ಕೂತು ಏನು ಕಡಿದು ಕಟ್ಟೆ ಹಾಕ್ತಿದ್ದೀ? ಬಾ, ಕಲಸು ಮಾರಾಯ.”

“ಸೌಟಲ್ಲಿ ಕಲಸಿದರೆ ಆಗೋದಿಲ್ವಾ ತುಕ್ರಣ್ಣ?”

“ಸೌಟಲ್ಲಿ ಕಲಸುವುದು ಸಿಮೆಂಟು. ಮೊಸರನ್ನಕ್ಕೆ ಕೈಯೇ ಬೇಕು.”

ನಿತೇಶ ಮೊಣಕೈವರೆಗೂ ತೊಳೆದು ತಪ್ಪಲೆಗೆ ಕೈ ಹಾಕಿದ. ಬೆಚ್ಚಗಿದ್ದ ಅನ್ನ ಹಿತವಾಗಿತ್ತು. ಅಂದಿನ ದಿನದಲ್ಲಿ ಹಿತವಾಗಿದ್ದದ್ದು ಅದೊಂದೇ. ಕಿಶನ್ ಬೇಸಿನ್ ತುಂಬ ದಾಳಿಂಬೆ ಕಾಳು ತಂದು ಸುರಿದ. ಕಲಸಿ, ಕೈ ತೊಳೆದು ನೋಡಿದರೆ ಉಂಗುರ ಹಲ್ಲು ಬಿದ್ದ ಬಾಯಿಯಂತೆ ಖಾಲಿಯಾಗಿತ್ತು.

“ತುಕ್ರಣ್ಣ, ಕಲ್ಲು ಬಿತ್ತು.”

“ಎಲ್ಲಿ?”

“ಮೊಸರಲ್ಲಿ.”

ತುಕ್ರಣ್ಣ ಅಕ್ಕಿ ಮೂಟೆಯ ಮೇಲೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕ. “ಮೊಸರಲ್ಲಿ ಕಲ್ಲು ಹುಡುಕುವವರು ಅಂತ ಕೇಳಿದ್ದೆ, ಇವತ್ತು ಕಣ್ಣಾರೆ ಕಂಡೆ. ಯಾವ ಬಣ್ಣ?”

“ಕೆಂಪು.”

“ಎಷ್ಟು ದೊಡ್ಡದು?”

ನಿತೇಶ ತಪ್ಪಲೆ ನೋಡಿದ. “ದಾಳಿಂಬೆ ಕಾಳಿನಷ್ಟು.”

ಉಪಾಯ ಹೇಳಿದವನು ಕಿಶನ್. “ಒತ್ತಿ ನೋಡೋಣ. ಒಡೆದರೆ ದಾಳಿಂಬೆ, ಒಡೆಯದಿದ್ದರೆ ಭಾಭಿದು.”

ಇಬ್ಬರೂ ಒತ್ತಿದರು. ಕಾಳುಗಳು ಒಡೆದವು. ಕಲ್ಲು ಸಿಗುವ ಮೊದಲೇ ಸಂಘದ ಕಾರ್ಯದರ್ಶಿ ಅನಂತಮೂರ್ತಿ ವ್ಯಾನ್ ತಂದು ಹಾರ್ನ್ ಬಾರಿಸಿದರು. ತಪ್ಪು ಹುಡುಕುವುದರಲ್ಲಿ ಅವರು ಎತ್ತಿದ ಕೈ. ಹಿಂದಿನ ಯುಗಾದಿಗೆ ಹೋಳಿಗೆ ದುಂಡಗಿಲ್ಲವೆಂದು ಎರಡು ಹೋಳಿಗೆಗಳನ್ನು ಒಂದರ ಮೇಲೊಂದಿಟ್ಟು ಸಭೆಗೇ ತೋರಿಸಿದ್ದರು.

ತಪ್ಪಲೆಗೆ ಇಣುಕಿದವರೇ, “ಇದೇನ್ರೀ, ಮೊಸರನ್ನಕ್ಕೆ ನಾಚಿಕೆ ಆಗಿದೆಯಾ? ಕೆಂಪಗಾಗಿದೆ!” ಎಂದರು.

“ನಯಾ ಐಟಂ ಸರ್,” ಎಂದ ಕಿಶನ್.

ತಪ್ಪಲೆ ವ್ಯಾನ್ ಹತ್ತಿತು. ಬಡಿಸಲು ಬರುತ್ತೇವೆಂದು ನಿತೇಶ, ಕಿಶನ್ ಕೂಡ ಹತ್ತಿದರು. ನೋಯ್ಡಾ ತಲುಪುವವರೆಗೂ ನಿತೇಶ ತಪ್ಪಲೆಯನ್ನು ಕೂಸಿನಂತೆ ತಬ್ಬಿಕೊಂಡಿದ್ದ.

ಊಟದ ಸಾಲಿನಲ್ಲಿ ಅವನು ಪ್ರತಿ ಎಲೆಗೂ ಬಗ್ಗಿ, “ಸ್ವಲ್ಪ ನಿಧಾನಕ್ಕೆ ಅಗಿಯಿರಿ ಸರ್,” ಎಂದು ಬೇಡಿಕೊಂಡ.

“ಯಾಕ್ರೀ, ನಿನ್ನೆ ಮಾಡಿದ್ದಾ?” ಎಂದರೊಬ್ಬರು.

ಸೊಂಟ ಬಿದ್ದುಹೋಗುವ ಹೊತ್ತಿಗೆ ಸಾಲಿನ ಕೊನೆಯಿಂದ ‘ಕಟಕ್’ ಎಂದಿತು.

“ಕಲ್ಲು! ಮೊಸರನ್ನದಲ್ಲಿ ಕಲ್ಲು!” ಅನಂತಮೂರ್ತಿ ದವಡೆ ಹಿಡಿದು ಎದ್ದು ನಿಂತರು.

ಸಭೆಗೆ ಸಭೆಯೇ ನಕ್ಕಿತು. “ಶುರುವಾಯ್ತು ನೋಡಿ! ಮೊಸರಲ್ಲಿ ಕಲ್ಲು ಹುಡುಕದಿದ್ದರೆ ಮೂರ್ತಿಗಳಿಗೆ ಉಂಡದ್ದು ಅರಗೋದಿಲ್ಲ!”

ಯಾರೂ ನಂಬಲಿಲ್ಲ. ನಿತೇಶ ಬಾಯಿ ಮುಚ್ಚಿಕೊಂಡಿದ್ದರೆ ಹೋಟೆಲಿನ ಮಾನ ಉಳಿಯುತ್ತಿತ್ತು. ಆದರೆ ಅನಂತಮೂರ್ತಿ ಸಿಟ್ಟಿನಿಂದ ಕಲ್ಲನ್ನು ಕಿಟಕಿಯಾಚೆ ಎಸೆಯಲು ಕೈ ಎತ್ತಿಬಿಟ್ಟರು.

“ಸರ್, ಎಸೆಯಬೇಡಿ! ಅದು ನನ್ನದು!”

ನಗುತ್ತಿದ್ದವರೆಲ್ಲ ತಂತಮ್ಮ ಎಲೆ ಕೆದಕಿ ನೋಡತೊಡಗಿದರು. ಅನಂತಮೂರ್ತಿಯವರ ಮುಖ ಮಾತ್ರ ಅರಳಿತು. ಅವರು ಕಂಡುಹಿಡಿದ ತಪ್ಪೊಂದನ್ನು ಯಾರಾದರೂ ಒಪ್ಪಿಕೊಂಡದ್ದು ಇದೇ ಮೊದಲು.

“ಕೇಳಿದಿರಲ್ಲ? ಒಪ್ಪಿಕೊಂಡ! ಇನ್ನು ಯುಗಾದಿ ಊಟ ಬೇರೆ ಹೋಟೆಲಿಂದ!”

ಕಲ್ಲನ್ನು ತೊಳೆದುಕೊಂಡು ನಿತೇಶ, ಕಿಶನ್ ಇಬ್ಬರೂ ಬಸ್ಸು ಹಿಡಿದರು. ಯುಗಾದಿಯ ಆರ್ಡರು ಹೋದ ಸುದ್ದಿಯನ್ನು ಮಾಲೀಕರಿಗೆ ಹೇಗೆ ಮುಟ್ಟಿಸುವುದೆಂದು ನಿತೇಶ ದಾರಿಯುದ್ದಕ್ಕೂ ಯೋಚಿಸಿದ. ಕಿಶನ್ ಉಂಗುರದ ಕೊಂಡಿಗಳನ್ನು ಹಲ್ಲಿನಿಂದ ಕಚ್ಚಿ ಕಲ್ಲು ಕೂರಿಸಿದ. ಭಾಭಿ ನಗುವುದನ್ನು ನೋಡದೆ ಹೋಗುವುದಿಲ್ಲವೆಂದು ಮನೆಯವರೆಗೂ ಬಂದ.

ನಿಶ್ಮಿತಾ ರಜಾಯಿಯೊಳಗಿಂದ ಕೈ ಚಾಚಿ ಉಂಗುರ ತೆಗೆದುಕೊಂಡಳು.

“ಯಾಕೆ ಇದು?”

“ಇವತ್ತು ನಿನ್ನ ಹುಟ್ಟುಹಬ್ಬ ಅಲ್ವಾ?” ನಿತೇಶ ಸುಸ್ತಾಗಿ ಗೋಡೆಗೆ ಒರಗಿದ.

ನಿಶ್ಮಿತಾ ನಕ್ಕಳು. ಮಂಚ ಅಲುಗುವಂತೆ ನಕ್ಕಳು.

“ಅಯ್ಯೋ, ಅದು ಶಾಲೆಯ ಲೆಕ್ಕದ ಹುಟ್ಟುಹಬ್ಬ! ಒಂದನೇ ಕ್ಲಾಸಿಗೆ ಸೇರಿಸುವಾಗ ನನಗೆ ವಯಸ್ಸು ಸಾಲಲಿಲ್ಲ. ಮರೆತುಹೋಗಬಾರದು ಅಂತ ಮಾಸ್ಟ್ರು ಸಂಕ್ರಾಂತಿ ದಿನ ಬರೆದುಬಿಟ್ಟರು. ನಾನು ಹುಟ್ಟಿದ್ದು ಏಪ್ರಿಲ್‌ನಲ್ಲಿ.”

ನಿತೇಶ ಕಿಶನ್‌ನ ಕಾಲು ತುಳಿಯುವಷ್ಟರಲ್ಲಿ ತಡವಾಗಿತ್ತು.

“ಏಪ್ರಿಲ್? ಅರೇ ಭಾಭಿ, ಏಪ್ರಿಲ್ ಕಾ ತೋ ಹೀರಾ! ವಜ್ರ!”

ಅಂದು ಮೊದಲ ಬಾರಿಗೆ ನಿಶ್ಮಿತಾ ರಜಾಯಿ ಸರಿಸಿ ಎದ್ದು ಕೂತಳು. ಉಂಗುರ ಬೆರಳಿಗೆ ಹಾಕಿ, ಕೈಯನ್ನು ದೂರ ಹಿಡಿದು ನೋಡಿಕೊಂಡಳು.

“ಇರಲಿ ಬಿಡಿ, ಇದೂ ಚೆಂದ ಇದೆ. ಏಪ್ರಿಲ್‌ಗೆ ಇನ್ನೂ ಮೂರು ತಿಂಗಳಿದೆಯಲ್ಲ, ಗಡಿಬಿಡಿ ಮಾಡ್ಕೊಳ್ಬೇಡಿ. ನಿಧಾನಕ್ಕೆ ನೋಡಿ ತನ್ನಿ.”