ಅಂಗಳದಲ್ಲೆದ್ದ ಬೂದು ಡೇರೆ

ಒಂದೇ ಒಂದು ರಾತ್ರಿ ಯಾರ ಮಾತೂ ಕಿವಿಗೆ ಬೀಳದೆ ಬೆಟ್ಟದ ಮೇಲೆ ಮಲಗಬೇಕೆಂಬುದು ಮೆದೆತ್‌ನ ಬಹುದಿನದ ಆಸೆ. ಅವನ ತಾಯಿ ಬುರುಲಜ್ಜಿ ಎದ್ದ ಗಳಿಗೆಯಿಂದ ಬಾಯಿ ಮುಚ್ಚುವವಳಲ್ಲ. ಅವಳು ಉಸಿರೆಳೆದುಕೊಳ್ಳುವಷ್ಟರಲ್ಲಿ ಪಕ್ಕದ ಮನೆ ಕಲಿಪಾ ಗೋಡೆಯಾಚೆಯಿಂದ ಶುರುಮಾಡುತ್ತಾಳೆ. ಅದಕ್ಕೇ ಕರಾಕೋಲ್ ಪೇಟೆಯನ್ನೆಲ್ಲ ಜಾಲಾಡಿ, ಡೇರೆಗಳನ್ನು ಅಂಗೈಮೇಲೆ ತೂಗಿ ತೂಗಿ ಅಂಗಡಿಯವನ ತಾಳ್ಮೆಗೆಡಿಸಿ, ಒಬ್ಬನೇ ಮಲಗುವಂಥ ಹಗುರದ ಬೂದು ಡೇರೆ ತಂದಿದ್ದ. ನಾಳೆ ಹೊರಡುವುದು, ಇವತ್ತು ಪರೀಕ್ಷೆ.

"ನೀರು ಸೋರಿದ್ರೆ ನಿಮ್ಮನ್ನ ಎಲ್ಲಿಗೂ ಕಳಿಸಲ್ಲ," ಎಂದಳು ಹೆಂಡತಿ ಜೂರಾ.

ಮೆದೆತ್ ಅಂಗಳದ ಮಣ್ಣುಗುಡ್ಡೆಯ ಮೇಲೆ ಡೇರೆ ನಿಲ್ಲಿಸಿ ಒಳಗೆ ಕೂತ. ಜೂರಾ ಪೈಪು ಹಿಡಿದು ಮಳೆ ಸುರಿಸಿದಳು.

ಗೋಡೆಯಾಚೆ ಕಲಿಪಾಗೆ ಕಂಡದ್ದು ಬೂದುಬಣ್ಣದ ನೆತ್ತಿ ಮಾತ್ರ. ಸಾವಾದ ಮನೆಯ ಅಂಗಳದಲ್ಲಿ ಬೂದು ಗುಡಾರ ಏಳುವುದು ಕರಾಕೋಲ್ ಸೀಮೆಯ ಪದ್ಧತಿ. ಬುರುಲಜ್ಜಿಗೋ ವಾರದಿಂದ ಕೆಮ್ಮು. ಸಾಲದ್ದಕ್ಕೆ ಬೆಳಗಿನಿಂದ ಅವಳ ದನಿಯೇ ಇಲ್ಲ. ಕೆಮ್ಮಿನ ಔಷಧಿ ಕುಡಿದು ಗಾಢ ನಿದ್ದೆಯಲ್ಲಿದ್ದಾಳೆಂದು ಕಲಿಪಾಗೆ ಹೇಗೆ ಗೊತ್ತಾಗಬೇಕು? ಎದೆ ಬಡಿದುಕೊಂಡು ಕೇರಿಗೆಲ್ಲ ಸುದ್ದಿ ಮುಟ್ಟಿಸಿಬಿಟ್ಟಳು.

ಮೆದೆತ್ ಒಳಗೆ ಒಂದು ಹನಿಯೂ ಬೀಳಲಿಲ್ಲವೆಂದು ಹಿಗ್ಗಿ ತಲೆ ಹೊರಹಾಕಿದ. ಪೈಪಿನ ನೀರು ಮುಖಕ್ಕೇ ರಾಚಿತು. ಅಷ್ಟರಲ್ಲಿ ಬಾಗಿಲು ದೂಡಿಕೊಂಡು ಕೇರಿಗೆ ಕೇರಿಯೇ ನುಗ್ಗಿತು. ಮುಂದೆ ಹಿರಿಯ ಆಸಾನ್‌ಕುಲ್, ಹಿಂದೆ ರೊಟ್ಟಿ ಹೊತ್ತ ಹೆಂಗಸರು, ಅವರ ಹಿಂದೊಂದು ಕುರಿ. ಎಲ್ಲರದೂ ಒಂದೇ ರಾಗ: "ಅಯ್ಯೋ, ನಮ್ಮವ್ವಾ!"

"ಅಳಪ್ಪಾ, ತಡೀಬೇಡ," ಎಂದು ಆಸಾನ್‌ಕುಲ್ ಅವನನ್ನು ತಬ್ಬಿಕೊಂಡ.

"ಅಜ್ಜಾ, ಇದು ಪೈಪಿನ ನೀರು!"

"ಪಾಪ, ದುಃಖಕ್ಕೆ ಏನೇನೋ ಮಾತಾಡ್ತಿದೆ ಮಗು."

ಗದ್ದಲಕ್ಕೆ ಬುರುಲಜ್ಜಿ ಎದ್ದುಬಂದಳು. ಅಳುವವರನ್ನು ಕಂಡು ಅವಳೂ ಗಟ್ಟಿಯಾಗಿ ದನಿ ತೆಗೆದಳು. ಒಂದು ಸುತ್ತು ಅತ್ತಾದಮೇಲೆ ಕಲಿಪಾಳನ್ನು ತಿವಿದು, "ಹೋಗಿದ್ದು ಯಾರೇ?" ಎಂದು ಕೇಳಿದಳು.

"ನೀವೇ ಅಲ್ವಾ?" ಎಂದ ಕಲಿಪಾ ತಿರುಗಿ ನೋಡಿ ಕಿಟಾರನೆ ಕಿರುಚಿದಳು.

"ಬಿಡ್ತು ಅನ್ನೇ!"

ತಂದ ಕುರಿಯನ್ನು ವಾಪಸು ಹೊಡೆದುಕೊಂಡು ಹೋಗುವುದುಂಟೇ? ಹಂಡೆ ಒಲೆಯೇರಿತು, ಅತ್ತವರೆಲ್ಲ ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಅಜ್ಜಿಗಂತೂ ಹಿಡಿಸಲಾರದ ಸಂತೋಷ. "ಕಲಿಪಾ ಚೆನ್ನಾಗಿ ಅತ್ತಳು. ಆಸಾನ್‌ಕುಲ್, ನಿಂದು ಬರೀ ಬಾಯಿಮಾತು. ಮುಂದಿನ ಸಲ ಸರಿಯಾಗಿ ಅಳಬೇಕು, ಹೇಳಿದೀನಿ," ಎಂದು ಒಬ್ಬೊಬ್ಬರ ಅಳುವನ್ನೂ ಒರೆಗೆ ಹಚ್ಚಿದಳು.

ಮೆದೆತ್ ಕೂಡ ಹೊಟ್ಟೆತುಂಬ ಉಂಡ. ಏನಾದರೇನು, ಡೇರೆ ಸೋರಲಿಲ್ಲ, ಜೂರಾ ಒಪ್ಪಿದ್ದಾಳೆ. ನಾಳೆ ಇಷ್ಟುಹೊತ್ತಿಗೆ ಬೆಟ್ಟ, ಗಾಳಿ, ತಾನು.

ಡೇರೆ ಮಡಚಲು ಹೋದರೆ ಅದರ ಬಾಯಿಂದ ಎರಡು ಕಾಲು ಹೊರಗೆ ಚಾಚಿದ್ದವು.

"ಅವ್ವಾ, ಒಳಗೇನು ಮಾಡ್ತಿದೀಯ?"

"ನಂಗೋಸ್ಕರ ಎದ್ದ ಗುಡಾರ ಕಣೋ, ನಾನಲ್ದೆ ಇನ್ಯಾರು ಮಲಗ್ತಾರೆ?" ಅಜ್ಜಿ ಕಾಲು ಒಳಗೆಳೆದುಕೊಂಡಳು. "ನಾನು ಹುಟ್ಟಿದ್ದೇ ಆ ಬೆಟ್ಟದ ಹುಲ್ಲುಗಾವಲಲ್ಲಿ. ನಾಳೆ ನಿನ್ನ ಜೊತೆ ಬರ್ತೀನಿ. ಇದರಲ್ಲಿ ಇಬ್ಬರು ಹಿಡಿಯಲ್ಲ, ನೀನು ಹೊರಗೆ ಕಂಬಳಿ ಹೊದ್ಕೊಂಡು ಮಲಗು. ದೂರ ಮಾತ್ರ ಹೋಗ್ಬೇಡ, ರಾತ್ರಿಯೆಲ್ಲ ಮಾತಾಡೋಣ."