ಬಾತಿರನ ಕುದುರೆಗೊಂದು ಜಾಗ

ಎಸೆನ್ಕುಲ್ ಬೆಳಿಗ್ಗೆ ಕಿಟಕಿ ತೆರೆದರೆ, ಅಂಗಳದ ಜರ್ದಾಳು ಮರದ ಬುಡದಲ್ಲಿ ಒಬ್ಬ ಕೆಂಪು ಗೂಟ ಹೊಡೆಯುತ್ತಿದ್ದ. ಆ ಮರವನ್ನು ನೆಟ್ಟವಳು ಅವನ ಹೆಂಡತಿ ಶಾಯಿರ್. ಅವಳು ತೀರಿಕೊಂಡ ಮೇಲೆ ಬೇಸಿಗೆಯೆಲ್ಲ ಅದರ ಕೆಳಗಿನ ಮಂಚದ ಮೇಲೇ ಮುದುಕನ ಚಹಾ, ಊಟ, ನಿದ್ದೆ.

“ಏಯ್! ಯಾರಪ್ಪಾ ನೀನು?”

“ಸರ್ವೆಯವನು, ಅಜ್ಜಾ. ಹಳೇ ಕಾಲದ ವೀರ ಬೆರ್ದಿಕೆ ಬಾತಿರನ ಪ್ರತಿಮೆ ಬರುತ್ತೆ ಇಲ್ಲಿ, ಕುದುರೆ ಸಮೇತ. ಮರ ತೆಗೀತಾರೆ.”

“ಯಾರನ್ನ ಕೇಳಿ?”

“ಇವತ್ತು ಕೇಳ್ತಾರಲ್ಲ! ಸ್ಮಾರಕ ಸಮಿತಿ ಸಭೆ ಇದೆ.”

ಗೂಟ ಮೊದಲು, ಕೇಳುವುದು ಆಮೇಲೆ! ಎಸೆನ್ಕುಲನ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಬಿಷ್ಕೆಕ್ಕಿನಲ್ಲಿ ಮಕ್ಕಳಿಗೆ ಆಡಲು ಜಾಗವಿಲ್ಲ, ಮುದುಕರಿಗೆ ಕೂರಲು ಜಾಗವಿಲ್ಲ. ದುಡ್ಡಿನ ಮೊಮ್ಮಕ್ಕಳಿದ್ದರೆ ಸತ್ತವನ ಕುದುರೆಗೂ ಜಾಗ ಸಿಗುತ್ತದೆ! ಅವನು ಬಿಳಿ ಉಣ್ಣೆಯ ಟೋಪಿ ಏರಿಸಿಕೊಂಡು ಸಭೆಗೆ ಹೊರಟ.

ಮೂರನೇ ಮಹಡಿಯಿಂದ ನೆರೆಯ ಬುರುಲ್ಚಾ ಬಗ್ಗಿದಳು. ಅಂಗಳದಲ್ಲಿ ಏನೇ ನಡೆದರೂ ಅವಳಿಗೆ ತಿಳಿಯಲೇಬೇಕು.

“ಅಣ್ಣಾ, ಅಲ್ಲಿ ಏನು ಕೊಟ್ರೂ ತಿನ್ಬೇಡ! ತಿಂದ್ರೆ ಹರಸ್ಬೇಕಾಗತ್ತೆ. ಹಿರೀಕರು ಅಂಗೈ ಬಿಚ್ಚಿ ‘ಓಮಿನ್’ ಅಂದ್ಮೇಲೆ ಮಾತು ವಾಪಸ್ ತಗೊಳ್ಳೋಕಾಗಲ್ಲ!”

“ನಂಗೇ ಹೇಳ್ಕೊಡ್ತೀಯಾ? ನೀರೂ ಮುಟ್ಟಲ್ಲ, ಹೋಗೆ!”

ಸಭೆಯಲ್ಲಿ ಮುಕ್ಕಾಲು ಪಾಲು ಬಾತಿರನ ವಂಶದವರೇ ತುಂಬಿದ್ದರು. ಎಸೆನ್ಕುಲ್ ಎದ್ದು ನಿಂತದ್ದೇ ತಡ, ಅಧ್ಯಕ್ಷ ಮಾದಾನ್ಬೆಕ್ ಕೇಳಿದ, “ಹಿರಿಯರದು ಯಾವ ಕುಲ?”

ಹೇಳಿದ. ಗುಜುಗುಜು ಎದ್ದಿತು.

“ಓಹೋ, ಅದಕ್ಕೇ!” ಎಂದ ವಂಶದವರಲ್ಲೊಬ್ಬ. “ನಮ್ಮ ಬಾತಿರ ಇವರ ಮುತ್ತಜ್ಜನ ಕುದುರೆಗಳನ್ನ ಹೊಡ್ಕೊಂಡು ಬಂದಿದ್ದ. ಆ ಹೊಟ್ಟೆಕಿಚ್ಚು ಇನ್ನೂ ಆರಿಲ್ಲ!”

“ನಿಮ್ಮ ಬಾತಿರ ಕುದುರೆ ಕಳ್ಳ ಅಂತ ನೀವೇ ಹೇಳ್ತಿದ್ದೀರಲ್ರೋ!” ಎಸೆನ್ಕುಲ್ ಗುಡುಗಿದ. “ನಂಗೆ ನಿಮ್ಮ ಕುಲ ಬೇಡ, ಕುದುರೆ ಬೇಡ. ನನ್ನ ಶಾಯಿರ್ ನೆಟ್ಟ ಮರ ಕಣ್ರಯ್ಯಾ ಅದು! ಕಡಿಯೋದಾದ್ರೆ ಮೊದಲು ನನ್ನ ಕಡೀರಿ!”

ಅಧ್ಯಕ್ಷ ಅಕ್ಕಪಕ್ಕದವರ ಕಿವಿಯಲ್ಲಿ ಏನೋ ಪಿಸುಗುಟ್ಟಿ ತಲೆಯಾಡಿಸಿದ.

“ಆಯ್ತು ಹಿರಿಯರೇ. ಮರದ ಒಂದು ಎಲೆಯನ್ನೂ ಮುಟ್ಟೋದಿಲ್ಲ.”

ಕಾರ್ಯದರ್ಶಿ ತಿದ್ದಿದ ತೀರ್ಮಾನವನ್ನು ಓದತೊಡಗಿದಳು. ಅಷ್ಟರಲ್ಲಿ ವಂಶದವರು ತರಿಸಿದ್ದ ಊಟ ಒಳಗೆ ಬಂತು. ಬೇಯಿಸಿದ ಕುರಿಯ ತಲೆಯನ್ನು ಎಲ್ಲರಿಗಿಂತ ಹಿರಿಯನ ಮುಂದೆಯೇ ಇಡಬೇಕು, ಇಟ್ಟರು. ಗೆದ್ದಾಯಿತಲ್ಲ, ಇನ್ನೇನು ಭಯ? ಎಸೆನ್ಕುಲ್ ಚಾಕು ಹಿಡಿದು ಕಿವಿ ಕೊಯ್ದು ಕಿರಿಯರಿಗೆ ಹಂಚಿದ, ಕೆನ್ನೆಯ ಮಾಂಸವನ್ನು ತಾನು ಬಾಯಿಗಿಟ್ಟುಕೊಂಡ. ಕಾರ್ಯದರ್ಶಿ ಓದಿದ್ದರಲ್ಲಿ ಮಿಕ್ಕ ಒಂದು ಅಕ್ಷರವೂ ಅವನ ತಲೆಗೆ ಹೋಗಲಿಲ್ಲ.

“ಈ ತೀರ್ಮಾನಕ್ಕೆ ಹಿರಿಯರ ಆಶೀರ್ವಾದ ಬೇಕು,” ಎಂದ ಅಧ್ಯಕ್ಷ.

ಎಸೆನ್ಕುಲ್ ಅಂಗೈಗಳನ್ನು ಬಿಚ್ಚಿದ. ಅಳು ನಗು ಎರಡೂ ಒಟ್ಟಿಗೇ ಉಕ್ಕಿಬಂದವು.

“ಈ ತೀರ್ಮಾನ ಬೆಟ್ಟದ ಹಾಗೆ ನಿಲ್ಲಲಿ! ಇದನ್ನ ಮಾಡಿದವರ ಮನೆ ತುಂಬಲಿ! ಬದಲಾಯಿಸೋಕೆ ಬಂದವನ ಕೈ ಒಣಗಿ ಹೋಗಲಿ! ಓಮಿನ್!”

“ಓಮಿನ್!” ಎಂದು ಇಡೀ ಸಭೆ ಅಂಗೈಯಿಂದ ಮುಖ ಸವರಿಕೊಂಡಿತು.

ಮನೆಗೆ ಬಂದು ನೋಡಿದರೆ ಮರವೇನೋ ನಿಂತಿತ್ತು. ಸುತ್ತಲೂ ಕಬ್ಬಿಣದ ಬೇಲಿ ಎದ್ದಿತ್ತು. ಮಂಚ ಕಸದ ತೊಟ್ಟಿಯ ಪಕ್ಕ ಮಗುಚಿ ಬಿದ್ದಿತ್ತು. ಕೆಂಪು ಗೂಟ ಅವನ ಕಿಟಕಿಯ ಕೆಳಗೇ ಇತ್ತು.

“ಇದೇನೋ ಇದು?”

“ಸಮಿತಿಯಿಂದ ಫೋನ್ ಬಂತು ಅಜ್ಜಾ,” ಎಂದ ಸರ್ವೆಯವನು. “ಮರ ಉಳಿಸಿ, ಪ್ರತಿಮೇನ ಈ ಕಡೆ ಸರಿಸಿ ಅಂದ್ರು. ಮರಾನೂ ಸ್ಮಾರಕದ ಆವರಣಕ್ಕೆ ಸೇರ್ತು. ಇನ್ಮೇಲೆ ಯಾರೂ ಮುಟ್ಟೋ ಹಾಗಿಲ್ಲ.”

“ನಾನೂನಾ?”

“ಯಾರೂ.”

“ಅಯ್ಯೋ ನಿಮ್ಮ ಸಮಿತಿಗೆ ಬೆಂಕಿ ಬೀಳ!” ಎಸೆನ್ಕುಲ್ ಬಗ್ಗಿ ಗೂಟಕ್ಕೆ ಕೈ ಹಾಕಿದ.

“ಅಣ್ಣಾ, ಕೈ! ಕೈ!” ಮೇಲಿನಿಂದ ಬುರುಲ್ಚಾ ಕಿರುಚಿದಳು. “ಸಭೇನ ಫೋನಲ್ಲಿ ನೋಡಿದ್ವಿ. ಎಷ್ಟು ಚೆನ್ನಾಗಿ ಹರಸಿದೆ! ಇಲ್ಲಿ ನಾವೆಲ್ಲ ‘ಓಮಿನ್’ ಅಂದ್ವಿ!”

ಎಸೆನ್ಕುಲ್ ಕೈ ಹಿಂದೆಗೆದು ಅಂಗಿಯ ತೋಳಿನೊಳಗೆ ಬಚ್ಚಿಟ್ಟುಕೊಂಡ. ಬೇಲಿಯಾಚೆ ಒಂದು ಜರ್ದಾಳು ಹಣ್ಣು ತೊಪ್ಪನೆ ಬಿತ್ತು. ಅವನು ಅದನ್ನೊಮ್ಮೆ ನೋಡಿದ, ತನ್ನ ಕಿಟಕಿಯನ್ನೊಮ್ಮೆ ನೋಡಿದ.

“ಕುದುರೆ ಮುಖ ಯಾವ ಕಡೆ?”

“ದೊಡ್ಡ ರಸ್ತೆ ಕಡೆ.”

“ಹಾಗಾದ್ರೆ ನನ್ನ ಕಿಟಕಿಗೆ ಬಾಲ.”

ಸರ್ವೆಯವನು ಗೂಟಕ್ಕೆ ಇನ್ನೊಂದು ಏಟು ಹಾಕಿದ.

“ಬಾಲಾನ ಇಳಿಸಿರ್ತಾರಾ?” ಮುದುಕ ಸೋತ ದನಿಯಲ್ಲಿ ಕೇಳಿದ.

“ಬಾತಿರನ ಕುದುರೆ, ಅಜ್ಜಾ. ನಾಗಾಲೋಟ. ಎತ್ತಿರುತ್ತೆ.”